ಖಡಕ್ ತಂಬಾಕಿನೊಳಗೆ ಅಡಗಿದ ಘಮ

ಹೋದ ತಿಂಗಳು ಜ್ಯೇಷ್ಠಮಧುವಿನ ಬಗ್ಗೆ ಬರೆಯುವಾಗ, ಅದನ್ನು ಪೈಪ್ ತಂಬಾಕಿಗೂ ಹಾಕುತ್ತಾರೆ ಎಂದು ಒಂದು ಸಾಲು ಸೇರಿಸಿದ್ದೆ. ಓದುಗರು ಅದನ್ನೇ ಹಿಡಿದುಕೊಂಡಿದ್ದಾರೆ. ಈ ಸಲದ ಕಾಗದಗಳೆಲ್ಲ ತಂಬಾಕಿನ ಮೇಲೆಯೇ! ಮೊದಲೇ ಹೇಳಿಬಿಡುತ್ತೇನೆ, ನಾನು ಸೇದುವವನಲ್ಲ. ದಾವಣಗೆರೆಯಲ್ಲಿ ಗ್ರಂಥಿಗೆ ಅಂಗಡಿ ಇಟ್ಟುಕೊಂಡು ಮೂಗನ್ನು ನಂಬಿ ಬದುಕಿದವನು. ಪೈಪಿನ ವಿಷಯ ಕಲಿಸಿದ್ದು ಹತ್ತಿ ಮಿಲ್ಲಿನಲ್ಲಿ ಇಂಜಿನಿಯರ್ ಆಗಿದ್ದ ಒಬ್ಬ ಗೆಳೆಯ. ಸಂಜೆ ಅಂಗಡಿ ಕಟ್ಟೆ ಮೇಲೆ ಕೂತು ಅವನು ಸೇದುತ್ತಿದ್ದ, ನಾನು ಅವನ ಡಬ್ಬಿಗಳನ್ನು ಮೂಸುತ್ತಿದ್ದೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಅಳಿಯ ಒಂದು ಡಬ್ಬಿ ಪೈಪ್ ತಂಬಾಕು ತಂದುಕೊಟ್ಟಿದ್ದಾನೆ. ಕಪ್ಪನೆಯ ಚಪ್ಪಟೆ ಹಾಳೆಗಳು. ಭಾರೀ ಖಡಕ್, ನಾಲ್ಕು ದಮ್ ಎಳೆದರೆ ತಲೆ ತಿರುಗುತ್ತದೆ. ಆದರೆ ಒಳಗೆಲ್ಲೋ ಒಂದು ಸಿಹಿ ವಾಸನೆ ಇದೆ. ಬಾದಾಮಿಯೋ ವೆನಿಲ್ಲಾವೋ ತಿಳಿಯುತ್ತಿಲ್ಲ. ಡಬ್ಬಿಯ ಮೇಲೂ ಏನೂ ಬರೆದಿಲ್ಲ. ಕಂಡುಹಿಡಿಯುವುದು ಹೇಗೆ?
— ನಿವೃತ್ತ ಶಿಕ್ಷಕರು, ಚಿತ್ರದುರ್ಗ

ನೀವು ಕೊಟ್ಟ ಗುರುತು ನೋಡಿದರೆ ನನ್ನ ಅನುಮಾನ ಟೋಂಕಾ ಬೀಜದ ಮೇಲೆ. ದಕ್ಷಿಣ ಅಮೆರಿಕದ ಒಂದು ಕಾಡುಮರದ ಬೀಜ ಅದು. ಹೊರಗೆ ಕಪ್ಪು, ಮೈಯೆಲ್ಲ ಸುಕ್ಕು. ಅದರೊಳಗಿನ ವಾಸನೆಯ ಸರಕಿನ ಹೆಸರು ಕೂಮರಿನ್. 1820ರಲ್ಲಿ ಈ ಬೀಜದಿಂದಲೇ ಅದನ್ನು ಮೊದಲು ಬೇರ್ಪಡಿಸಿದ್ದು. 1868ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ವಿಲಿಯಂ ಪರ್ಕಿನ್ ಬೀಜವೇ ಇಲ್ಲದೆ ಪ್ರಯೋಗಾಲಯದಲ್ಲಿ ತಯಾರಿಸಿ ತೋರಿಸಿದ. ಆಮೇಲೆ ಸೋಪು, ಸೆಂಟು, ಊದುಬತ್ತಿ ಎಲ್ಲದಕ್ಕೂ ಅದು ಬಂತು. ಜಾಸ್ತಿ ಹೊಟ್ಟೆಗೆ ಹೋದರೆ ಲಿವರ್‌ಗೆ ಪೆಟ್ಟು ಎಂದು ಅಮೆರಿಕದಲ್ಲಿ 1954ರಲ್ಲೇ ತಿನ್ನುವ ಪದಾರ್ಥಕ್ಕೆ ಬೆರೆಸುವುದನ್ನು ನಿಲ್ಲಿಸಿದರು. ಇಂಗ್ಲೆಂಡಿನ ಕೆಲವು ಖಡಕ್ ಪೈಪ್ ತಂಬಾಕುಗಳಿಗೆ ಮಾತ್ರ ಟೋಂಕಾ ಇಲ್ಲದೆ ಆಗುವುದಿಲ್ಲ. ನಮ್ಮ ಅಡುಗೆಮನೆಯ ದಪ್ಪ ಚಕ್ಕೆಯಲ್ಲೂ ಕೂಮರಿನ್ ಇದೆ. ಆದರೆ ಚಕ್ಕೆಯ ಖಾರ ಮುಂದೆ ನಿಂತು ಅದನ್ನು ಮುಚ್ಚಿಬಿಡುತ್ತದೆ.

ಬಾದಾಮಿ, ವೆನಿಲ್ಲಾ, ಟೋಂಕಾ ಮೂರೂ ಅಕ್ಕಪಕ್ಕದ ವಾಸನೆಗಳೇ. ಬೇಕರಿಯವರ ಬಾದಾಮಿ ಎಸೆನ್ಸ್ ಮೂಗಿಗೆ ಚುಚ್ಚುತ್ತದೆ. ವೆನಿಲ್ಲಾದಲ್ಲಿ ಚುಚ್ಚು ಇಲ್ಲ, ಒರಟೂ ಇಲ್ಲ. ಟೋಂಕಾದಲ್ಲಿ ಸಿಹಿಯ ಹಿಂದೆಯೇ ಒಣಹುಲ್ಲಿನ ಒಂದು ಒರಟು ಬರುತ್ತದೆ, ಕೊನೆಗೆ ಸಣ್ಣ ಕಹಿ. ಆ ಹುಲ್ಲು ಸಿಕ್ಕಿತೋ, ಟೋಂಕಾ ಎಂದು ಬರೆದಿಟ್ಟುಕೊಳ್ಳಿ.

ಇನ್ನು ಹಿಡಿಯುವ ಬಗೆ. ಸೇದುತ್ತಾ ಹುಡುಕಬೇಡಿ. ನಿಮಗೆ ತಲೆ ತಿರುಗುತ್ತಿರುವುದು ನಿಕೋಟಿನ್‌ನಿಂದ. ಬಿಕ್ಕಳಿಕೆ, ತಣ್ಣನೆ ಬೆವರು ಬಂದರೂ ಅದೇ ಕಾರಣ, ಪೈಪ್ ಕೆಳಗಿಡಿ. ನಿಕೋಟಿನ್ ಗಂಟಲಿಗೂ ಮೂಗಿಗೂ ಖಾರದಂತೆ ಹತ್ತುತ್ತದೆ. ಆ ಗಲಾಟೆಯಲ್ಲಿ ಮೆಲು ವಾಸನೆ ಕೇಳಿಸುವುದಿಲ್ಲ. ಬೆಳಿಗ್ಗೆ ಕಾಫಿಗೆ ಮೊದಲು, ಬೆಂಕಿ ಹಚ್ಚದೆ ನೋಡಿ.

ಡಬ್ಬಿ ತೆರೆದ ಕೂಡಲೇ ಮೂಗು ಇಡಬೇಡಿ. ಮೊದಲು ನುಗ್ಗಿ ಬರುವುದು ಹುದುಗಿನ ಹುಳಿ. ಅದು ಬೆರೆಸಿದ್ದಲ್ಲ, ಎಲೆಯದೇ. ಒಂದು ಹಾಳೆ ತೆಗೆದು ಬೆರಳಲ್ಲಿ ಬಿಡಿಸಿ. ಅರ್ಧವನ್ನು ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಿ. ಇನ್ನರ್ಧವನ್ನು ಬಿಳಿ ಕಾಗದದ ಮೇಲೆ ಹರಡಿ ನೆರಳಲ್ಲಿ ಒಂದು ರಾತ್ರಿ ಬಿಡಿ. ಕಾಗದಕ್ಕೆ ಹಳೇ ಪೇಪರ್ ಬೇಡ, ಶಾಯಿ ವಾಸನೆ ಹತ್ತುತ್ತದೆ. ಮರುದಿನ ಎರಡನ್ನೂ ಒಂದಾದ ಮೇಲೊಂದು ಮೂಸಿ. ಬಾಟಲಿಯಲ್ಲಿ ಇದ್ದು ಕಾಗದದಲ್ಲಿ ಹಾರಿಹೋದದ್ದು ಕೊನೆಯಲ್ಲಿ ಮೇಲಿಂದ ಸಿಂಪಡಿಸಿದ ಘಮ. ರಮ್, ಹಣ್ಣಿನ ಎಸೆನ್ಸ್ ಎಲ್ಲ ಈ ಜಾತಿ. ಟೋಂಕಾ ಮಾತ್ರ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಕೂಮರಿನ್ ನಿಧಾನಕ್ಕೆ ಆರುವ ವಸ್ತು. ಎರಡೂ ಕಡೆ ಸಿಹಿ ಉಳಿದಿದ್ದರೆ ನನ್ನ ಅನುಮಾನಕ್ಕೆ ಬಲ ಬಂತು ಎಂದುಕೊಳ್ಳಿ.

ಉದ್ದುದ್ದ ಎಳೆದು ಮೂಸಬಾರದು. ಸಣ್ಣಸಣ್ಣದಾಗಿ ಎರಡು ಸಲ ಮೂಸಿ, ಸುಮ್ನೆ ಇರಿ. ಮೂಗು ದಣಿದರೆ ಕಾಫಿ ಬೀಜ ಮೂಸಿ ಎನ್ನುವವರಿದ್ದಾರೆ. ನಿಮ್ಮ ಒಗೆದ ಅಂಗಿಯ ತೋಳು ಸಾಕು. ಇನ್ನೊಂದು ಮಾತು. ಮನೆಯಲ್ಲಿ ಯಾರಿಂದಲಾದರೂ ಪೊಟ್ಟಣ ಕಟ್ಟಿಸಿ, ಯಾವುದು ಯಾವುದೆಂದು ಗೊತ್ತಿಲ್ಲದೆ ಮೂಸಿ. ಒಂದರಲ್ಲಿ ಏನೂ ಬೆರೆಸದ ನಾಟಿ ಹೊಗೆಸೊಪ್ಪು ಇರಲಿ. ಟೋಂಕಾ ಅಂತ ಒಮ್ಮೆ ಯಾರಾದರೂ ಹೇಳಿದರೆ ಸಾಕು, ಆಮೇಲೆ ಬರೀ ಸೊಪ್ಪಿನಲ್ಲೂ ಟೋಂಕಾ ಕಾಣುವ ಜನ ನಾವು. ನಾನು ಹೇಳಿದ್ದನ್ನೂ ಹಾಗೇ ಪರೀಕ್ಷೆ ಮಾಡಿ.

ಪ್ರಶ್ನೆ: ಸ್ನೇಹಿತರೊಬ್ಬರ ತಂಬಾಕು ಸೌದೆ ಒಲೆಯ ಹೊಗೆ ಹಿಡಿದಂತಿದೆ. ಹೊಗೆ ಎಸೆನ್ಸ್ ಅಂತ ಏನಾದರೂ ಹಾಕುತ್ತಾರಾ?
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಹೆಚ್ಚಾಗಿ ಹಾಕಿರುವುದಿಲ್ಲ. ಅದು ಎಲೆಗೇ ಹತ್ತಿದ ಹೊಗೆ. ಮಂಡಕ್ಕಿ ಭಟ್ಟಿ ಕಡೆ ಓಡಾಡಿ ಬಂದವರ ಅಂಗಿ ಹೇಗಿರುತ್ತದೆ ಗೊತ್ತಲ್ವಾ, ಹಾಗೆ. ಲಟಾಕಿಯಾ ಎಂಬ ತಂಬಾಕನ್ನು ಸೌದೆ ಹೊಗೆಯಲ್ಲೇ ನೇತುಹಾಕಿ ಹದ ಮಾಡುತ್ತಾರೆ. ಮೊದಲು ಸಿರಿಯಾದ್ದು, ಈಗ ಸೈಪ್ರಸ್‌ನದ್ದು. ವಾಸನೆ ಜೋರು, ನಿಕೋಟಿನ್ ಅಷ್ಟೇನಿಲ್ಲ. ಅಮೆರಿಕದ ಕೆಂಟಕಿ ಎಲೆಗೂ ಹೊಗೆ ಕೊಡುತ್ತಾರೆ, ಅದು ನಿಜವಾಗಿ ಖಡಕ್.

ಸೇರಿಸಿದ್ದನ್ನು ಹಿಡಿಯಬೇಕಾದರೆ ಸೇರಿಸದ್ದು ಏನೆಂದು ಮೊದಲು ತಿಳಿದಿರಬೇಕು. ಮುಕ್ಕಾಲು ಪಾಲು ಜನ ಇಲ್ಲೇ ಎಡವುತ್ತಾರೆ. ಅಮೆರಿಕದ ಲೂಸಿಯಾನಾ ರಾಜ್ಯದ ಸೇಂಟ್ ಜೇಮ್ಸ್ ಪ್ಯಾರಿಷ್‌ನಲ್ಲಿ ಪೆರೀಕ್ ಎಂಬ ಎಲೆಯನ್ನು ಪೀಪಾಯಿಗೆ ತುಂಬಿ, ಭಾರ ಹೇರಿ, ತಿಂಗಳುಗಟ್ಟಲೆ ಹುದುಗಿಸುತ್ತಾರೆ. ತೆಗೆದಾಗ ಒಣದ್ರಾಕ್ಷಿ, ಅಂಜೂರದ ವಾಸನೆ. ಹಣ್ಣಿನ ಎಸೆನ್ಸ್ ಹಾಕಿದ್ದಾರೆ ಎಂದು ಯಾರಾದರೂ ಪ್ರಮಾಣ ಮಾಡುತ್ತಾರೆ, ಆದರೆ ಹನಿಯೂ ಹಾಕಿರುವುದಿಲ್ಲ.

ಪ್ರಶ್ನೆ: ಜ್ಯೇಷ್ಠಮಧು ಹಾಕಿದ್ದಾರೆಂದು ಮೂಸಿದರೆ ಗೊತ್ತಾಗುತ್ತದಾ? ಯಾಕೆ ಹಾಕುತ್ತಾರೆ?
— ಆಯುರ್ವೇದ ವಿದ್ಯಾರ್ಥಿನಿ, ದಾವಣಗೆರೆ

ಮೂಗಿನ ಕೈಗೆ ಅದು ಸಿಗುವುದು ಕಷ್ಟ. ನಮ್ಮ ಅಂಗಡಿಯಲ್ಲಿ ಜ್ಯೇಷ್ಠಮಧುವಿನ ಡಬ್ಬ ತೆರೆದರೆ ಒಂದು ಮಣ್ಣುಮಣ್ಣು ವಾಸನೆ, ಅಷ್ಟೇ. ಅದರ ಆಟವೆಲ್ಲ ನಾಲಿಗೆ ಮೇಲೆ. ಅದರಲ್ಲಿರುವ ಗ್ಲಿಸಿರೈಜಿನ್ ಸಕ್ಕರೆಗಿಂತ 30ರಿಂದ 50 ಪಟ್ಟು ಸಿಹಿ. ಸಕ್ಕರೆಯ ಸಿಹಿ ತಟ್ಟನೆ ಬಂದು ಹೋಗುತ್ತದೆ. ಇದರದ್ದು ತಡವಾಗಿ ಬಂದು ಬಹಳ ಹೊತ್ತು ಕೂರುತ್ತದೆ. ತಂಬಾಕಿನ ಒಂದು ಒಣ ಎಳೆಯನ್ನು ಕೆಳತುಟಿಯ ಒಳಗೆ ತಾಗಿಸಿ ತೆಗೆದುಬಿಡಿ. ಮೊದಲು ಉರಿ, ಕಹಿ. ಅವು ಇಳಿದ ಮೇಲೂ ಸಿಹಿ ತುಟಿ ಬಿಡದಿದ್ದರೆ ಜ್ಯೇಷ್ಠಮಧು ಇದೆ. ನುಂಗಬಾರದು, ಉಗಿದು ಬಾಯಿ ಮುಕ್ಕಳಿಸಬೇಕು.

ಯಾಕೆ ಹಾಕುತ್ತಾರೆ ಎನ್ನುವುದಕ್ಕೆ ಎಲೆ ಒಣಗಿಸುವ ಕ್ರಮ ನೋಡಬೇಕು. ನಮ್ಮ ಹುಣಸೂರು, ಪಿರಿಯಾಪಟ್ಟಣದ ರೈತರು ವರ್ಜೀನಿಯಾ ಎಲೆಯನ್ನು ಬ್ಯಾರನ್‌ಗೆ, ಅಂದರೆ ಒಣಗಿಸುವ ಮನೆಗೆ ಏರಿಸಿ, ಕೊಳವೆಯ ಬಿಸಿಯಲ್ಲಿ ಸುಮಾರು ಒಂದು ವಾರದಲ್ಲಿ ಒಣಗಿಸುತ್ತಾರೆ. ಬೇಗ ಒಣಗುವುದರಿಂದ ಎಲೆಯ ಸಕ್ಕರೆ ಹಾಗೇ ಉಳಿಯುತ್ತದೆ. ಬರ್ಲಿ ಎಲೆಯನ್ನು ವಾರಗಟ್ಟಲೆ ಗಾಳಿಗೆ ನೇತುಹಾಕುತ್ತಾರೆ. ಅಷ್ಟರಲ್ಲಿ ಎಲೆ ಇನ್ನೂ ಉಸಿರಾಡುತ್ತಾ ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸಿರುತ್ತದೆ. ಉಳಿಯುವುದು ಒರಟು ಎಲೆ. ಅದನ್ನು ಮೆತ್ತಗೆ ಮಾಡಲು ಕತ್ತರಿಸುವ ಮೊದಲೇ ಸಕ್ಕರೆ, ಜ್ಯೇಷ್ಠಮಧು, ಕೋಕೋ ಕಲಸಿದ ನೀರು ಕುಡಿಸುತ್ತಾರೆ. ಬರ್ಲಿ ಚೆನ್ನಾಗಿ ಹೀರಿಕೊಳ್ಳುತ್ತದೆ. ಹೀಗೆ ಒಳಗೆ ಕುಡಿಸಿದ್ದು ಡಬ್ಬಿಯಲ್ಲಿ ಘಮಿಸುವುದಿಲ್ಲ, ಕಾಗದದ ಮೇಲೆ ಒಣಗಿಸಿದರೂ ಹೋಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಏನೂ ಬೆರೆಸಿಲ್ಲ ಎಂದು ಮಾರುವವರು ಹೇಳಿದರೆ ಪೂರ್ತಿ ನಂಬಬೇಡಿ. ಮೇಲೆ ಸಿಂಪಡಿಸಿಲ್ಲ ಅಂತಷ್ಟೇ ಅದರ ಅರ್ಥ ಇದ್ದೀತು.

ಪ್ರಶ್ನೆ: ಗುಜರಿಯಲ್ಲಿ ಹಳೇ ಪೈಪ್ ಸಿಕ್ಕಿತು. ಯಾವ ತಂಬಾಕು ತುಂಬಿದರೂ ಸೋಪಿನ ವಾಸನೆ. ತಂಬಾಕಿನ ದೋಷವೋ ಪೈಪಿನದೋ?
— ಹಿರಿಯೂರಿನಿಂದ ಒಬ್ಬರು

ಪೈಪಿನದು. ಇಂಗ್ಲೆಂಡಿನ ಕೆಂಡಲ್ ಎಂಬ ಊರು 1792ರಿಂದಲೂ ನಸ್ಯಕ್ಕೆ ಹೆಸರಾದದ್ದು. ಅಲ್ಲಿನ ಪೈಪ್ ತಂಬಾಕಿಗೂ ಗುಲಾಬಿ, ಜಿರೇನಿಯಂ ಥರದ ಹೂವಿನ ಘಮ ಹಾಕುವ ರೂಢಿ ಇದೆ. ಖಡಕ್ ಎಲೆಯ ನಡುವೆ ಅಜ್ಜಿಯ ಟ್ರಂಕಿನ ಸೋಪು! ಕೆಲವರಿಗೆ ಪ್ರಾಣ, ಕೆಲವರಿಗೆ ವಾಕರಿಕೆ. ನಿಮ್ಮ ಪೈಪಿನ ಹಳೇ ಯಜಮಾನರಿಗೆ ಅದು ಪ್ರಾಣವಾಗಿದ್ದಿರಬೇಕು. ಮರದ ಬುರುಡೆ ಆ ವಾಸನೆಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನನ್ನ ಗೆಳೆಯ ಹೊಸ ತಂಬಾಕಿನ ಗುಣ ನೋಡಲು ಮಣ್ಣಿನ ಪೈಪ್ ಇಟ್ಟುಕೊಂಡಿದ್ದ. ವಾಸನೆ ಹಿಡಿದರೆ ಕೆಂಡಕ್ಕೆ ಹಾಕಿ ಸುಟ್ಟು ತೆಗೆಯುತ್ತಿದ್ದ. ಮರದ ಪೈಪಿಗೆ ಹಾಗೆ ಮಾಡಲು ಹೋಗಬೇಡಿ.

ಪ್ರಶ್ನೆ: ಮನೆಮಂದಿ ಓದುವ ಪತ್ರಿಕೆಯಲ್ಲಿ ತಂಬಾಕಿನ ಗುಣಗಾನ ಯಾಕೆ? ಸಿಗರೇಟಿಗಿಂತ ಪೈಪ್ ವಾಸಿ ಅಂತ ನಮ್ಮ ಯಜಮಾನರು ನಿಮ್ಮ ಅಂಕಣ ತೋರಿಸುತ್ತಿದ್ದಾರೆ.
— ಗೃಹಿಣಿ, ಚಳ್ಳಕೆರೆ

ವಾಸಿ ಎಂದು ನಾನು ಎಲ್ಲೂ ಬರೆದಿಲ್ಲ, ಬರೆಯುವುದೂ ಇಲ್ಲ. ಪೈಪ್ ಹೊಗೆಯನ್ನು ಒಳಗೆ ಎಳೆಯದಿದ್ದರೂ ನಿಕೋಟಿನ್ ಬಾಯಿಯ ಚರ್ಮದಿಂದಲೇ ರಕ್ತ ಸೇರುತ್ತದೆ. ತುಟಿ, ನಾಲಿಗೆ, ಗಂಟಲಿನ ಕ್ಯಾನ್ಸರ್ ಪೈಪಿನವರನ್ನೂ ಬಿಟ್ಟಿಲ್ಲ. ಈ ಘಮಗಳ ಕೆಲಸವೇ ಒರಟನ್ನು ಮರೆಸಿ ಇನ್ನೊಂದು ದಮ್ ಎಳೆಸುವುದು. ಯಜಮಾನರಿಗೆ ಈ ಸಾಲುಗಳನ್ನೂ ತೋರಿಸಿ.

ಪ್ರಶ್ನೆ: ಜರ್ದಾದಲ್ಲಿ ಬರುವ ಹೂವಿನ ವಾಸನೆ ಯಾವುದು?
— ಹರಿಹರದಿಂದ

ಮುಖ್ಯವಾಗಿ ಕೇದಗೆ, ಉತ್ತರದವರ ಕೇವ್ಡಾ. ಒಡಿಶಾದ ಗಂಜಾಂ ಜಿಲ್ಲೆಯ ಕಡೆಯಿಂದ ಬರುವ ಅತ್ತರು. ಜೊತೆಗೆ ಗುಲಾಬಿ, ಏಲಕ್ಕಿ ಇರುತ್ತವೆ. ಕೇಸರಿ ಎಂದು ಡಬ್ಬಿ ಮೇಲೆ ಬರೆದಿದ್ದರೆ ಬೆಲೆ ನೋಡಿ. ಆ ಬೆಲೆಗೆ ಕೇಸರಿಯ ಬಣ್ಣ ಬಂದೀತು, ಕೇಸರಿ ಬರುವುದಿಲ್ಲ.