ಕೊಂಡ ರೇಟಿಗೇ ತಗೋ ಎಂದ ಅಣ್ಣ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಬಾಡಿಗೆ ಬರಲಿ ಅಂತ ಸಾಲ ಮಾಡಿ ಎರಡನೇ ಮನೆ ಕೊಂಡವರು ಅಣ್ಣ. ಈಗ ಬೆಲೆ ಶೇ 10 ಇಳಿದಿದೆ. ತಂಗಿಗೆ ಇನ್ನೂ ಸ್ವಂತ ಮನೆಯಿಲ್ಲ. "ನಾನು ಕೊಂಡ ರೇಟಿಗೇ ನೀನು ತಗೋ, ನಂಗೆ ಲಾಭ ಬೇಡ" ಎಂದರು ಅಣ್ಣ. "ಇನ್ನೂ ಇಳಿಯುತ್ತೆ ಅಣ್ಣ, ಈಗ್ಯಾಕೆ?" ಎಂದರು ತಂಗಿ. ಅಲ್ಲಿಂದ ಇಬ್ಬರಿಗೂ ಮಾತಿಲ್ಲ.

ಅಣ್ಣನ ಭಯ ಸುಳ್ಳಲ್ಲ. ಮನೆಗೆ ಶೇ 20 ಕೈದುಡ್ಡು, ಶೇ 80 ಸಾಲ ಹಾಕಿದ್ದರು. ಬೆಲೆ ಹತ್ತರಲ್ಲೊಂದು ಪಾಲು ಇಳಿದರೆ ಕೈದುಡ್ಡಿನ ಅರ್ಧ ಲೆಕ್ಕದಲ್ಲಿ ಹೋದಂತೆ. ಸಾಲವೇನೂ ಇಳಿಯಲ್ಲ. ಆದರೆ ಬಾಡಿಗೆ ಇಳಿದಿದೆಯಾ ಎಂದು ಕೇಳಿದೆ. ಇಲ್ಲವಂತೆ. ಕಂತಿನ ಬಹುಪಾಲು ಬಾಡಿಗೆಯಲ್ಲೇ ಹೋಗುತ್ತಿತ್ತು. ಅಂದಮೇಲೆ ಈಗಲೇ ಮಾರಿ ಎಂದು ಯಾರೂ ಕುತ್ತಿಗೆಯ ಮೇಲೆ ಕೂತಿಲ್ಲ, ಅಲ್ವಾ?

ಕೊಂಡ ರೇಟಿಗೆ ಅಂಟಿಕೊಳ್ಳುವುದು ಅವರೊಬ್ಬರ ಹಠವಲ್ಲ. 1990ರ ದಶಕದಲ್ಲಿ ಬಾಸ್ಟನ್ ನಗರದಲ್ಲಿ ನಡೆದ ಫ್ಲಾಟ್ ಮಾರಾಟಗಳನ್ನು ಜೆನೆಸೋವ್ ಮತ್ತು ಮೇಯರ್ ಎಂಬ ಅರ್ಥಶಾಸ್ತ್ರಜ್ಞರು ನೋಡಿದ್ದರು. ನಷ್ಟದಲ್ಲಿದ್ದವರು ಜಾಸ್ತಿ ಬೆಲೆ ಹೇಳುತ್ತಿದ್ದರು, ಅವರ ಫ್ಲಾಟು ಬೇಗ ಹೋಗುತ್ತಲೂ ಇರಲಿಲ್ಲ.

ಈ ಮನೆಯ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಸಾಲ ಕೊಡುವವರು ಸಾಮಾನ್ಯವಾಗಿ ನೋಡುವುದು ಇವತ್ತಿನ ಮೌಲ್ಯ. ಹಳೇ ರೇಟಿಗೆ ಒಪ್ಪಿದ್ದರೆ ನಡುವಿನ ವ್ಯತ್ಯಾಸವನ್ನು ತಂಗಿಯೇ ಕೈಯಿಂದ ಹಾಕಬೇಕಿತ್ತು. ಅಣ್ಣ ಇದನ್ನು ಯೋಚಿಸಿರಲೇ ಇಲ್ಲ.

ಹಾಗಂತ ತಂಗಿಯ ಲೆಕ್ಕವೂ ಪೂರ್ತಿ ಸರಿಯಿರಲಿಲ್ಲ. ತಳ ಮುಟ್ಟಿದ್ದು ಗೊತ್ತಾಗುವುದು ದಾಟಿದ ಮೇಲೇ. ಬಡ್ಡಿ ಏರಿದ್ದರಿಂದಲೇ ಬೆಲೆ ಇಳಿದಿದ್ದರೆ ಕಂತು ಅಷ್ಟೇನೂ ಕಡಿಮೆಯಾಗಲ್ಲ. ಬೆಲೆ ಬೀಳುವಾಗ ಸಾಲ ಕೊಡುವವರೂ ಬಿಗಿಯಾಗುತ್ತಾರೆ, ಮುಂಗಡ ಜಾಸ್ತಿ ಕೇಳುತ್ತಾರೆ.

ಇಬ್ಬರ ವ್ಯವಹಾರ ಬೇರೆ ಮಾಡಿ ಎಂದೆ. ಅಣ್ಣನಿಗೆ: ಮನೆ ಒಂದೆರಡು ತಿಂಗಳು ಖಾಲಿ ಬಿದ್ದರೂ, ಬಡ್ಡಿ ಏರಿದರೂ ಕಂತು ಕಟ್ಟಬಲ್ಲಿರಾ? ಆಗುವುದಾದರೆ ಇಟ್ಟುಕೊಳ್ಳಿ. ಆಗದಿದ್ದರೆ ಸಾಲ ಮನೆಯ ಬೆಲೆಯನ್ನು ಮೀರುವ ಮೊದಲೇ, ಇವತ್ತಿನ ರೇಟಿಗೆ ಹೊರಗಿನವರಿಗೆ ಮಾರಿ. ತಂಗಿಗೆ: ಒಂದೇ ಮನೆಯಲ್ಲಿ ಏಳೆಂಟು ವರ್ಷ ಇರುವುದು ಖಾತ್ರಿಯಿದ್ದರೆ, ಆರು ತಿಂಗಳ ಕಂತು ಪಕ್ಕದಲ್ಲಿದ್ದರೆ ಕೊಳ್ಳಿ. ಎರಡು ವರ್ಷಕ್ಕೇ ಊರು ಬಿಡುವಂತಿದ್ದರೆ ಬಾಡಿಗೆಯೇ ವಾಸಿ.

ಅಂದಹಾಗೆ, ಆ ಮನೆಯಲ್ಲಿ ಬಾಡಿಗೆಗಿರುವವರನ್ನು ಇಬ್ಬರೂ ಲೆಕ್ಕಕ್ಕೇ ತಗೊಂಡಿರಲಿಲ್ಲ. ಮಾರುವುದಾದರೆ ಅವರಿಗೆ ಮೊದಲೇ ಹೇಳಿ ಎಂದೂ ಸೇರಿಸಿದೆ.

ಅಣ್ಣ ಮನೆ ಇಟ್ಟುಕೊಂಡಿದ್ದಾರೆ. ತಂಗಿಯ ಕೆಲಸ ಇನ್ನೂ ಕಾಯಂ ಆಗಿಲ್ಲ. ಅದಾದ ಮೇಲೆ ಬೇರೆ ಮನೆ ನೋಡುತ್ತಾರಂತೆ.