ಮೂರು ವರ್ಷದ ಮಗನಿಗೆ ಆಟಿಸಂ ಎಂದಿದ್ದಾರೆ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತಾಡಬೇಕಾ, ಹಿಂದಿನಾ?

ಎರಡೂ ಬೇಡ. ಕನ್ನಡ ನಿಲ್ಲಿಸಬೇಡಿ. ನಾವು ನಿಲ್ಲಿಸಿದ್ದೆವು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಮನೆಯೊಳಗೆ ಹುಬ್ಬಳ್ಳಿ ಕನ್ನಡ, ಕೆಳಗೆ ಅಂಗಡಿಯಲ್ಲಿ ಮರಾಠಿ, ಪಕ್ಕದ ಮನೆಯವರ ಜೊತೆ ಹಿಂದಿ. ಮಗನಿಗೆ ಆಟಿಸಂ ಎಂದು ಗೊತ್ತಾದಾಗ ಇನ್ನೂ ಮೂರು ತುಂಬಿರಲಿಲ್ಲ. ಮೊದಲು ಹೋದ ಥೆರಪಿ ಸೆಂಟರಿನಲ್ಲಿ, "ಇಷ್ಟು ಭಾಷೆ ಕಿವಿಗೆ ಬಿದ್ದರೆ ಮಗುವಿಗೆ ಗೊಂದಲ. ಒಂದೇ ಇಟ್ಟುಕೊಳ್ಳಿ. ಇಂಗ್ಲಿಷ್ ಆದರೆ ಸ್ಕೂಲಿಗೂ ಆಗುತ್ತೆ" ಎಂದರು. ಆ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಮಾಡುವ ಸ್ಥಿತಿ ನಮ್ಮದು. ಅಷ್ಟೇ ಅಲ್ಲ, ನರ್ಸರಿ ಅಡ್ಮಿಷನ್ ಚಿಂತೆ ನನ್ನ ತಲೆಯಲ್ಲಿ ಮೊದಲೇ ಇತ್ತು. ಹಾಗಾಗಿ ಆ ಮಾತು ನನಗೆ ಬೇಕಾದ ಮಾತೇ ಆಗಿತ್ತು. ಅಂದೇ ಸಂಜೆ ಮನೆಯಲ್ಲಿ ಕನ್ನಡ ಬಂದ್ ಮಾಡಿಸಿದೆ.

ಆಮೇಲೆ ಏನಾಯಿತು ನೋಡಿ. ನನಗೆ ಇಂಗ್ಲಿಷ್ ಬರುತ್ತೆ, ಆಫೀಸಿನಲ್ಲಿ ದಿನವಿಡೀ ಮಾತಾಡುತ್ತೇನೆ. ಆದರೆ ಎರಡೂವರೆ ವರ್ಷದ ಮಗುವನ್ನು ಇಂಗ್ಲಿಷಿನಲ್ಲಿ ಮುದ್ದು ಮಾಡುವುದು ನನಗೆ ಗೊತ್ತಿರಲಿಲ್ಲ. ಕಮ್, ಸಿಟ್, ಈಟ್, ನೋ. ವಾಟ್ ಈಸ್ ದಿಸ್? ಇಷ್ಟೇ. ಬರೀ ಅಪ್ಪಣೆ, ಬರೀ ಪರೀಕ್ಷೆ. ಸ್ನಾನ ಮಾಡಿಸುವಾಗ ಸುಮ್ನೆ ಏನೇನೋ ಹರಟುತ್ತಿದ್ದೆನಲ್ಲ, ಅದು ನಿಂತುಹೋಯಿತು.

ಇನ್ನೂ ಕೆಟ್ಟದ್ದು ಅತ್ತೆಯವರದು. ಹಗಲೆಲ್ಲ ಮಗುವಿನ ಜೊತೆ ಇದ್ದವರು ಅವರೇ. ಬೆಳಗ್ಗೆ ನಲ್ಲಿ ಶಬ್ದ ಮಾಡಿದ ಕೂಡಲೇ "ನೀರ್ ಬಂತು, ನೀರ್ ಬಂತು" ಎನ್ನುತ್ತಾ ಅವನನ್ನು ಎತ್ತಿಕೊಂಡು ಓಡುತ್ತಿದ್ದರು. ಅವನು ಮುಖ ನೋಡಿ ನಗುತ್ತಿದ್ದ ಕೆಲವೇ ಹೊತ್ತುಗಳಲ್ಲಿ ಅದೂ ಒಂದು. "ನನಗ ಬರೂದು ಒಂದ ಭಾಷಾ. ಅದೂ ಬ್ಯಾಡಂದ್ರ ನಾ ಹೆಂಗ ಮಾತಾಡ್ಲಿ?" ಎಂದು ಕೇಳಿದರು. ಅದಕ್ಕೆ ನಾನು ಫೋನಿನಲ್ಲಿ ಇಂಗ್ಲಿಷ್ ರೈಮ್ಸ್ ಹಾಕಿಕೊಟ್ಟೆ. ಮಾತಾಡುವ ಅಜ್ಜಿಯನ್ನು ಎಬ್ಬಿಸಿ ಆ ಜಾಗದಲ್ಲಿ ಫೋನ್ ಕೂರಿಸಿದೆ. ಸ್ವಲ್ಪ ದಿನದಲ್ಲಿ ಅತ್ತೆಯವರು ಹುಬ್ಬಳ್ಳಿಗೆ, ಮೈದುನನ ಮನೆಗೆ ಹೋದರು. ಮಗ ಹೇಳುತ್ತಿದ್ದ ನಾಲ್ಕಾರು ಕನ್ನಡ ಪದಗಳೂ ಕೇಳಿಸದಾದವು. ಭಾಷೆ ಬಿಟ್ಟಿದ್ದರಿಂದಲೇ ಹೀಗಾಯಿತು ಎನ್ನಲಾರೆ, ಆಟಿಸಂ ಇರುವ ಕೆಲವು ಮಕ್ಕಳಲ್ಲಿ ಬಂದ ಮಾತು ಹಿಂದೆ ಹೋಗುವುದೂ ಉಂಟು. ಆದರೆ ಅವನ ಜೊತೆ ಅತಿ ಹೆಚ್ಚು ಮಾತಾಡುತ್ತಿದ್ದವರ ಬಾಯಿ ಕಟ್ಟಿದ್ದು ನಾನು.

ನಂತರ ಸಿಕ್ಕ ಸ್ಪೀಚ್ ಥೆರಪಿಸ್ಟ್ ಮರಾಠಿಯವರು. ಕನ್ನಡದ ಗಂಧವೂ ಇಲ್ಲ. ಅವರು ಕೇಳಿದ ಮೊದಲ ಪ್ರಶ್ನೆ, ದಿನವಿಡೀ ಮಗುವಿನ ಜೊತೆ ಯಾರಿರುತ್ತಾರೆ ಎಂದು. ನಮ್ಮ ಕಥೆ ಕೇಳಿ, ಅಜ್ಜಿಯನ್ನು ಮೊದಲು ಕರೆಸಿ ಎಂದರು. ಎರಡು ಭಾಷೆ ಕೇಳಿ ಬೆಳೆಯುವ ಆಟಿಸಂ ಮಕ್ಕಳು ಒಂದೇ ಭಾಷೆಯ ಆಟಿಸಂ ಮಕ್ಕಳಿಗಿಂತ ಮಾತಿನಲ್ಲಿ ಹಿಂದೆ ಬೀಳುವುದಿಲ್ಲ, ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ಕಂಡದ್ದು ಅದೇ ಎಂದು ಬಿಡಿಸಿ ಹೇಳಿದರು. ನೀರು, ಬಾ, ಬೇಡ, ಇನ್ನೂ ಬೇಕು, ಇವನ್ನೆಲ್ಲ ತಮ್ಮ ನೋಟ್‌ಬುಕ್ಕಿನಲ್ಲಿ ದೇವನಾಗರಿಯಲ್ಲಿ ಬರೆದುಕೊಂಡು ಸೆಷನ್ನಿನಲ್ಲೂ ಅವನ್ನೇ ಬಳಸಿದರು. ನಿಮ್ಮ ಥೆರಪಿಸ್ಟ್‌ಗೂ ಇಂಥ ಒಂದು ಪಟ್ಟಿ ಬರೆದುಕೊಡಿ. ಅದನ್ನು ನೋಡಲೂ ಮನಸ್ಸಿಲ್ಲದವರಾದರೆ ಬೇರೆಯವರನ್ನು ಹುಡುಕಿ.

ಆದ್ದರಿಂದ ಯಾವ ಭಾಷೆ ಎಂಬ ಪ್ರಶ್ನೆಯನ್ನೇ ಬಿಡಿ. ಮಗುವಿನ ಜೊತೆ ಯಾರು ಜಾಸ್ತಿ ಹೊತ್ತು ಇರುತ್ತಾರೆ, ಅವರು ಯಾವ ಭಾಷೆಯಲ್ಲಿ ನಗುತ್ತಾರೆ, ಅದು ಇರಲಿ. ಹಿಂದಿ, ಮರಾಠಿ ಬೀದಿಯಿಂದ ತಾವೇ ಬರುತ್ತವೆ. ಬೇಕಾದದ್ದನ್ನು ತೋರಿಸಿ ಕೇಳಲು ಮಗುವಿಗೆ ಚಿತ್ರದ ಕಾರ್ಡು ಕೊಟ್ಟರೆ ಮಾತು ಬರೋದು ತಡ ಆಗುತ್ತೆ ಎನ್ನುವವರು ಸಿಗುತ್ತಾರೆ. ಅದೂ ನಿಜವಲ್ಲ, ಧೈರ್ಯವಾಗಿ ಬಳಸಿ. ಸ್ಟೆಮ್ ಸೆಲ್‌ನಿಂದ ಮಾತು ಬರಿಸುತ್ತೇವೆ ಎಂದು ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಆಟಿಸಂಗೆ ಆ ಚಿಕಿತ್ಸೆಗೆ ಒಪ್ಪಿಗೆ ಇಲ್ಲ.

ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಲು ಹಿಂಜರಿಯಬೇಡಿ, ನಮ್ಮ ಮನೆಯವರು ಬಹಳ ಹಿಂಜರಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಸರ್ಟಿಫಿಕೇಟ್ ಇದ್ದರೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಸಿಗುತ್ತೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚೂ ಅದರೊಳಗೇ ಬರುತ್ತೆ.

ಅತ್ತೆಯವರು ಈಗ ನಮ್ಮ ಜೊತೆಗೇ ಇದ್ದಾರೆ. ಮಗನಿಗೆ ಆರು ವರ್ಷ, ಮಾತು ಇನ್ನೂ ಕಡಿಮೆಯೇ. ಆದರೆ ನೀರು ಬಂದರೂ, ಲಿಫ್ಟ್ ಬಂದರೂ, ಲೋಕಲ್ ರೈಲು ಬಂದರೂ "ಬಂತು" ಎಂದು ಕೂಗಿ ಅಜ್ಜಿಯ ಕಡೆ ತಿರುಗುತ್ತಾನೆ. ನಿಮ್ಮ ಮನೆಯಲ್ಲಿ ಹಗಲು ಮಗುವಿನ ಜೊತೆ ಯಾರಿರುತ್ತಾರೆ ಎಂದು ನೀವು ಬರೆದಿಲ್ಲ. ತಿಳಿಸಿ, ಅದನ್ನು ನೋಡಿ ಮುಂದೆ ಹೇಳುತ್ತೇನೆ.