ಜಗಳ ಬಿಡಿಸುವ ಮುನ್ನ ಇಬ್ಬರ ಮಾತೂ ಕೇಳಿ

ಪ್ರಶ್ನೆ: ಸರ್ಕಾರಿ ಶಾಲೆಯ ನಲಿಕಲಿ ತರಗತಿಗೆ ಪಾಠ ಮಾಡುತ್ತೇನೆ. ಕ್ರೆಯಾನಿಗೆ, ಕೂರುವ ಜಾಗಕ್ಕೆ ದಿನವೂ ಕಿತ್ತಾಟ. ಮಕ್ಕಳ ಹಕ್ಕುಗಳನ್ನು ಹೇಳಿಕೊಟ್ಟರೆ ಜಗಳ ತಗ್ಗುತ್ತದೆ ಎನ್ನುತ್ತಾರೆ. ‘ನನ್ನ ಹಕ್ಕು’ ಅಂತ ಇನ್ನಷ್ಟು ಹಟ ಹಿಡಿದರೆ?
– ಓರ್ವ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದರೆ ಹಟ ಹಿಡಿದೇ ಹಿಡಿಯುತ್ತಾರೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ 54 ವಿಧಿಗಳಿವೆ. ಆರೇಳು ವರ್ಷದವರಿಗೆ ಮೂರು ಸಾಕು: ನನ್ನ ಮಾತೂ ಕೇಳಬೇಕು (12), ನನಗೆ ಯಾರೂ ಹೊಡೆಯಬಾರದು (19), ನನಗೂ ಆಟ ಬೇಕು (31). ಅಂಕಿಗಳು ನಿಮಗಿರಲಿ, ಮಕ್ಕಳಿಗೆ ಚಿತ್ರ ತೋರಿಸಿ. ಪ್ರತಿ ಚಿತ್ರದಲ್ಲೂ ಇಬ್ಬರು ಮಕ್ಕಳಿರಲಿ. ಒಬ್ಬರೇ ಇದ್ದರೆ ಹಕ್ಕು ‘ನಂದು’ ಆಗಿಯೇ ಉಳಿಯುತ್ತದೆ.

ನಿಜವಾದ ಕಲಿಕೆ ಜಗಳದ ಹೊತ್ತಿನಲ್ಲೇ. ಮೊದಲು ಇಬ್ಬರ ನಡುವೆ ಕುಕ್ಕುರುಗಾಲಲ್ಲಿ ಕೂತು, ಕ್ರೆಯಾನನ್ನು ಇಬ್ಬರಿಗೂ ಕಾಣುವಂತೆ ನಿಮ್ಮ ಕೈಯಲ್ಲೇ ಹಿಡಿದುಕೊಳ್ಳಿ. ಬಿಕ್ಕುತ್ತಿರುವ ಮಗು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲ. ನೀರು ಕುಡಿಸಿ, ಕಾಯಿರಿ. ಆಮೇಲೆ ‘ಏನಾಯ್ತು?’ ಎಂದಷ್ಟೇ ಕೇಳಿ. ‘ಯಾಕೆ ಹೊಡೆದೆ?’ ಎಂದರೆ ಮಗು ತಪ್ಪಿಸಿಕೊಳ್ಳಲು ಸುಳ್ಳು ಹುಡುಕುತ್ತದೆ. ಒಂದು ನುಣುಪು ಕಲ್ಲು ಕೊಡಿ: ಕಲ್ಲು ಹಿಡಿದವರದ್ದೇ ಮಾತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಮ್ಮ ಬಾಯಲ್ಲಿ ಹೇಳಲಿ: ‘ಅವಳು ಸೂರ್ಯನಿಗೆ ಕೆಂಪು ಹಚ್ಚುತ್ತಿದ್ದಳಂತೆ, ನಾನು ಕಿತ್ಕೊಂಡೆನಂತೆ.’ ಕೊನೆಗೆ ‘ಈಗ ಏನ್ ಮಾಡೋಣ?’ ಉಪಾಯ ಅವರಿಂದಲೇ ಬರಲಿ. ನಿಮಗೆ ಪೆದ್ದಾಗಿ ಕಂಡರೂ ಇಬ್ಬರೂ ಒಪ್ಪಿದ್ದರೆ ಬಿಡಿ. ಇಷ್ಟೆಲ್ಲ ನಾಲ್ಕೈದು ನಿಮಿಷ ಮೀರಬಾರದು. ಸ್ವಲ್ಪ ಹೊತ್ತು ಬಿಟ್ಟು ಬಂದು, ಒಪ್ಪಂದ ನಡೆದಿದೆಯೇ ನೋಡಿ.

ಹೆಚ್ಚಿನವರು ಎಡವುವುದು ‘ಸಾರಿ ಹೇಳು’ ಅನ್ನುವಲ್ಲಿ. ಬಲವಂತದ ಸಾರಿಯಿಂದ ಟೀಚರ್ ಹೊರಟುಹೋಗುತ್ತಾರೆ ಅಂತ ಮಗು ಕಲಿಯುತ್ತದೆ, ಬೇರೇನಿಲ್ಲ. ಬೀಳಿಸಿದ ಪುಸ್ತಕ ಎತ್ತಿಕೊಡಲಿ, ಹರಿದದ್ದನ್ನು ಅಂಟಿಸಲಿ. ಇನ್ನು ಮೇಜಿನ ಮೇಲೆ ಬೆತ್ತವಿದ್ದರೆ ಈ ಪಾಠವೆಲ್ಲ ಸುಳ್ಳು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಅಂದಹಾಗೆ, ಆರು ಮಕ್ಕಳ ಗುಂಪಿಗೆ ಕೆಂಪು ಕ್ರೆಯಾನ್ ಒಂದೇ ಇದ್ದರೆ ಅದು ಮಕ್ಕಳ ಗುಣದ ದೋಷವಲ್ಲ. ಮುರಿದು ಮೂರು ತುಂಡು ಮಾಡಿ.

ಪ್ರಶ್ನೆ: ನಾಲ್ಕು ವರ್ಷದ ಮಗ ಅಂಗನವಾಡಿಯಲ್ಲಿ ಒಬ್ಬನೇ ಹುಡುಗನಿಂದ ದಿನಾ ಪೆಟ್ಟು ತಿಂದು ಬರುತ್ತಾನೆ. ‘ತಿರುಗಿಸಿ ಹೊಡಿ’ ಎನ್ನುತ್ತಾರೆ ಅವನ ಅಜ್ಜ.
– ಓರ್ವ ತಾಯಿ, ತುಮಕೂರು

ಉತ್ತರ: ಇದು ಜಗಳವಲ್ಲ, ಒಬ್ಬನ ಮೇಲೆ ನಡೆಯುವ ಹೊಡೆತ. ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಿದರೆ ಹೆದರಿದ ಮಗು ‘ಹೂಂ’ ಎನ್ನುತ್ತದಷ್ಟೇ. ಅಂಗೈ ಮುಂದೆ ಚಾಚಿ ‘ಬೇಡ, ನೋಯುತ್ತೆ’ ಎಂದು ಜೋರಾಗಿ ಹೇಳಿ, ಟೀಚರ್ ಹತ್ತಿರ ಓಡುವುದನ್ನು ಮನೆಯಲ್ಲಿ ಆಟದಂತೆ ಆಡಿಸಿ, ಅಜ್ಜನೇ ಹೊಡೆಯುವವನಾಗಲಿ. ಟೀಚರ್‌ಗೆ ಹೊಡೆತ ಬೀಳುವ ಹೊತ್ತು ತಿಳಿಸಿ. ಸಾಮಾನ್ಯವಾಗಿ ಊಟದ ಸಾಲಿನಲ್ಲೋ ಆಟದ ಸಾಮಾನು ಹಂಚುವಾಗಲೋ ಆಗುತ್ತದೆ. ಆ ಹೊತ್ತಿನಲ್ಲಿ ಇಬ್ಬರನ್ನೂ ದೂರ ಕೂರಿಸಿ, ಹೊಡೆಯುವ ಹುಡುಗನನ್ನು ತಮ್ಮ ಪಕ್ಕದಲ್ಲೇ ಇಟ್ಟುಕೊಳ್ಳಲಿ.